ಗ್ಲಾಸಿಗೆ ಅಂಟಿದ ಹಸೆ

ಆ ಆರು ಚಿತ್ತಾರಗಳಿಗೆ ಕಟ್ಟು ಹಾಕಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸುದ್ದಿ ಶಿರಸಿಯಲ್ಲಿ ಇವತ್ತಿಗೂ ಹಲವು ವೇಷದಲ್ಲಿ ಓಡಾಡುತ್ತಿದೆ. ಕೆಲಸದವನು ಕೆಡಿಸಿದ ಎನ್ನುವವರಿದ್ದಾರೆ, ಗ್ಲಾಸೇ ಸರಿಯಿರಲಿಲ್ಲ ಎನ್ನುವವರಿದ್ದಾರೆ. ನನ್ನ ಅಂಗಡಿಯಲ್ಲಿ ಕೆಲಸದವನೇ ಇಲ್ಲ. ಪಟ್ಟಿ ಕತ್ತರಿಸುವುದು, ಮೂಲೆ ಕೂಡಿಸುವುದು, ಗ್ಲಾಸ್ ಕೊರೆಯುವುದು, ಮೊಳೆ ಹೊಡೆಯುವುದು, ಬೆನ್ನಿಗೆ ಕಂದು ಟೇಪು ಅಂಟಿಸುವುದು, ಎಲ್ಲವೂ ನನ್ನ ಇವೆರಡೇ ಕೈ. ಗ್ಲಾಸೂ ಒಳ್ಳೆಯದೇ ಇತ್ತು.

ಊರಿನ ಒಂದು ಸಹಕಾರಿ ಸಂಘದವರು ಹೊಸ ಸಭಾಭವನ ಕಟ್ಟಿಸಿದ್ದರು. ಗೋಡೆಗೆ ನಮ್ಮ ಕಡೆಯದೇ ಏನಾದರೂ ಇರಲಿ ಎಂದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಹೆಂಗಸಿನಿಂದ ಆರು ಹಸೆ ಚಿತ್ತಾರ ಬರೆಸಿದರು. ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಯ ಮೇಲೆ ಬರೆಯುವ ಚಿತ್ತಾರ ಅದು. ಈಗ ಬಟ್ಟೆ ಹಚ್ಚಿದ ಹಲಗೆಯ ಮೇಲೂ ಬರೆಯುತ್ತಾರೆ. ಮೊದಲು ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ನೆನೆಸಿ ಅರೆದ ಅಕ್ಕಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಬಿಳಿ ಗೆರೆ ಎಳೆಯುವುದು. ಗೆರೆಯ ಮೇಲೆ ಬೆರಳಾಡಿಸಿದರೆ ಸಿಗುತ್ತದೆ, ಅಷ್ಟು ಉಬ್ಬಿರುತ್ತದೆ. ಈ ಉಬ್ಬನ್ನು ನೆನಪಿಟ್ಟುಕೊಳ್ಳಿ, ನಾನು ಕೆಟ್ಟಿದ್ದು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ.

ಬರೆದಾಕೆಗೆ ಅರವತ್ತು ದಾಟಿದೆ. ನಾನು ಅಮ್ಮ ಎನ್ನುತ್ತೇನೆ, ಅವರು ನನ್ನನ್ನು ತಂಗಿ ಎನ್ನುತ್ತಾರೆ. ಆರೂ ಹಲಗೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಅದು ಮಾರ್ಚ್ ತಿಂಗಳು, ಹೊಸ ಕಟ್ಟಡದ ಉದ್ಘಾಟನೆಗೆ ಮೂರು ದಿನ ಉಳಿದಿತ್ತು.

"ತಂಗಿ, ಕಡೆಯ ಎರಡು ಇನ್ನೂ ಹಸಿ ಅದೆ. ನಾಲ್ಕು ಬಿಸ್ಲು ಕಾಣ್ಲಿ, ಆಮೇಲೆ ಕಟ್ಟು ಹಾಕು" ಅಂದರು.

"ನಾಲ್ಕು ಬಿಸಿಲು ಎಲ್ಲಿಂದ ತರಲಿ ಅಮ್ಮ? ಭಾನುವಾರ ಉದ್ಘಾಟನೆ" ಅಂದೆ. ಅವರು ಹಲಗೆಗಳನ್ನು ನನ್ನ ಮೇಜಿನ ಮೇಲಿಟ್ಟರು. ಸೀರೆ ಮಡಚಿಕೊಂಡು ಹೋದರು.

ನಮ್ಮ ಕಸುಬಿನಲ್ಲಿ ಮೊದಲ ಪಾಠ ಎಂದರೆ ಒಳಗಿನದು ಅಲುಗಾಡಬಾರದು. ಗಿರಾಕಿ ಕಟ್ಟು ಕೈಗೆ ತೆಗೆದುಕೊಂಡವನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಗಡಗಡ ಅಂದರೆ ಮುಖ ಸಿಂಡರಿಸುತ್ತಾನೆ. ಹಾಗಾಗಿ ನಾವು ಗ್ಲಾಸ್, ಅದಕ್ಕೆ ತಾಗಿ ಚಿತ್ರ, ಚಿತ್ರಕ್ಕೆ ತಾಗಿ ಹಿಂದಿನ ರಟ್ಟು ಇಟ್ಟು, ಹೆಬ್ಬೆರಳಿನಿಂದ ಒತ್ತಿ ಹಿಡಿದು ಮೊಳೆ ಹೊಡೆಯುತ್ತೇವೆ. ಫೋಟೋಗೂ ಹೀಗೇ, ಸನ್ಮಾನ ಪತ್ರಕ್ಕೂ ಹೀಗೇ, ದೇವರ ಪಟಕ್ಕೂ ಹೀಗೇ. ಚಿತ್ತಾರಕ್ಕೂ ಹೀಗೇ ಮಾಡಿದೆ. ಒದ್ದೆ ಪೇಪರಿನಲ್ಲಿ ಗ್ಲಾಸ್ ಒರೆಸಿದೆ, ಅದು ಪೂರ್ತಿ ಆರಿತೇ ಎಂದು ನೋಡಲಿಲ್ಲ. ಉಬ್ಬಿದ ಗೆರೆಗಳ ಮೇಲೆ ನೇರವಾಗಿ ಇಟ್ಟು ಒತ್ತಿದೆ. ಹಿಂದೆ ಎಲ್ಲೂ ಸಂದು ಇರದಂತೆ ನಾಲ್ಕೂ ಕಡೆ ಟೇಪು ಬಡಿದೆ. ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಆವತ್ತು ನನ್ನ ಕೆಲಸದ ಬಗ್ಗೆ ನನಗೆ ಒಳ್ಳೆಯ ಜಂಬವೇ ಇತ್ತು.

ಜುಲೈ ಕೊನೆಯಲ್ಲಿ ಸಂಘದ ಕಾರ್ಯದರ್ಶಿ ಫೋನ್ ಮಾಡಿದ. ನಮ್ಮ ಪೈಕಿಯವನೇ, ನಮ್ಮ ಮನೆಮಾತೇ ಅವನದೂ, ನನಗಿಂತ ಹಿರಿಯ, ಅಣ್ಣ ಎಂದೇ ಕರೆದು ಅಭ್ಯಾಸ. ಹೋಗಿ ನೋಡಿದೆ. ಹೊಸ ಗೋಡೆ ಇನ್ನೂ ನೀರು ಬಿಡುತ್ತಿತ್ತು. ಆರು ಚಿತ್ತಾರಗಳಲ್ಲೂ ಹಸಿರು ಬೂಸ್ಟು ಚುಕ್ಕೆ ಚುಕ್ಕೆಯಾಗಿ ಎದ್ದಿತ್ತು. ಬಿಳಿ ಗೆರೆಗಳು ಅಲ್ಲಲ್ಲಿ ಒದ್ದೆಯಾಗಿ ಗ್ಲಾಸಿಗೆ ಮೆತ್ತಿಕೊಂಡಿದ್ದವು. ಎಲ್ಲಿ ನಾನು ಹೆಬ್ಬೆರಳಿಟ್ಟು ಒತ್ತಿ ಮೊಳೆ ಹೊಡೆದಿದ್ದೆನೋ ಅದರ ನೇರಕ್ಕೇ ಹೆಚ್ಚು ಅಂಟಿತ್ತು. ನನಗೆ ನೋಡಿದ ಕೂಡಲೇ ಗೊತ್ತಾಯಿತು.

"ನಿನ್ನ ಕಟ್ಟು ಚೊಲೋ ಇದ್ದು, ಅದ್ರ ಬಗ್ಗೆ ತಕರಾರಿಲ್ಲೆ" ಅಂದ ಕಾರ್ಯದರ್ಶಿ. "ಅಕ್ಕಿ ಹಿಟ್ಟು ಅಲ್ದಾ, ಮಳೆಗಾಲದಲ್ಲಿ ಬೂಸ್ಟು ಬಪ್ಪದೇಯ. ಆ ಅಮ್ಮಂಗೆ ಕಾಗದ ಕಳ್ಸಾಜು. ಸಿದ್ದಾಪುರ, ಯಲ್ಲಾಪುರ ಶಾಖೆಗೆ ಬೇರೆ ಯಾರತ್ರಾದ್ರೂ ಅಕ್ರಿಲಿಕ್‌ನಲ್ಲಿ ಮಾಡ್ಸದು."

ಆ ಎರಡು ಶಾಖೆಗಳ ಚಿತ್ತಾರವನ್ನೂ ಅಮ್ಮನೇ ಬರೆಯುವುದೆಂದು ಮಾತಾಗಿತ್ತು. ಮದುವೆ ಮನೆಗಳಲ್ಲಿ ನಲವತ್ತು ವರ್ಷ ಬರೆದವರು, ಎಲ್ಲೂ ಹೆಸರು ಹಾಕಿಕೊಂಡವರಲ್ಲ. ಈ ಭವನದಲ್ಲಿ ಮೊದಲ ಸಲ ಅವರ ಹೆಸರು ಗೋಡೆಯ ಮೇಲೆ ಬಂದಿತ್ತು. ಈಗ ಅದೇ ಹೆಸರಿನ ಮೇಲೆ ಬೂಸ್ಟು ಬಂದಂತಾಯಿತು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆರನ್ನೂ ಇಳಿಸಿ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಬಂದೆ. ನನ್ನ ಕಟ್ಟು ಚೊಲೋ ಇದೆ ಎಂದ ಮಾತು ದಾರಿಯುದ್ದಕ್ಕೂ ಸುಡುತ್ತಿತ್ತು. ಅದನ್ನು ಕೇಳಿ ಸುಮ್ಮನಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು.

ಅಂಗಡಿಯಲ್ಲಿ ಮೊದಲನೆಯದನ್ನು ಮೇಜಿನ ಮೇಲೆ ಬೋರಲು ಹಾಕಿ ಟೇಪು ಕೊಯ್ದೆ. ಇಕ್ಕಳದಿಂದ ಮೊಳೆ ಒಂದೊಂದಾಗಿ ಎಳೆದೆ. ಕಟ್ಟು ಸುಲಭವಾಗಿ ಕೈಗೆ ಬಂತು. ಗ್ಲಾಸೂ ಹಲಗೆಯೂ ಮಾತ್ರ ಒಂದೇ ತುಂಡಾಗಿ ಉಳಿದವು. ಮೂಲೆಯಲ್ಲಿ ಉಗುರು ತೂರಿಸಿ ಸ್ವಲ್ಪ ಎತ್ತಿದೆ. ಚರ್ ಎಂದಿತು. ಸಿಟ್ಟಿನಲ್ಲಿ ಇನ್ನಷ್ಟು ಎತ್ತಿದೆ. ಗ್ಲಾಸ್ ಬಂತು, ಅದರ ಜೊತೆ ಒಂದು ಗೇಣು ಚಿತ್ತಾರವೂ ಕೆಮ್ಮಣ್ಣಿನ ಸಮೇತ ಎದ್ದು ಬಂತು. ಮದುಮಕ್ಕಳ ದಂಡಿಗೆ, ಅಂದರೆ ಪಲ್ಲಕ್ಕಿ, ಇದ್ದ ಜಾಗ ಅದು. ಹಲಗೆಯಲ್ಲಿ ಬರೀ ಬಟ್ಟೆ ಉಳಿಯಿತು. ನಾನು ಕೈ ತೊಳೆದುಕೊಂಡು ಸ್ಟೂಲಿನ ಮೇಲೆ ಕೂತೆ. ದಾಸನಕೊಪ್ಪದ ಗಿರಾಕಿಯೊಬ್ಬರು ತಮ್ಮ ಮಗಳ ಪದವಿಯ ಫೋಟೋ ಕೇಳಿಕೊಂಡು ಬಂದರು. ಇವತ್ತು ಆಗುವುದಿಲ್ಲ ಎಂದು ಕಳಿಸಿದೆ.

ಮಾರನೆಯ ದಿನ ಬಾಗಿಲು ಹಾಕಿ ಯಲ್ಲಾಪುರದ ಬಸ್ಸು ಹತ್ತಿದೆ. ನನಗೆ ಕಟ್ಟಿನ ಕೆಲಸ ಕಲಿಸಿದ ಯಜಮಾನರು ಅಲ್ಲಿದ್ದಾರೆ. ಹಾವೇರಿ ಕಡೆಯಿಂದ ಬಂದು ನೆಲೆ ನಿಂತವರು. ಈಗ ಕಣ್ಣು ಮಂಜಾಗಿದ್ದರೂ ಮೂಲೆ ಕೂಡಿದ್ದು ಸರಿಯಿದೆಯೋ ಇಲ್ಲವೋ ಬೆರಳಿನಲ್ಲೇ ಹೇಳುತ್ತಾರೆ. ಎಲ್ಲ ಕೇಳಿಸಿಕೊಂಡರು. ಒಳಗೆ ಹೋಗಿ ಮೀನು ಹಿಡಿಯುವ ಗಾಳದ ದಾರದ ಉಂಡೆ ತಂದು ನನ್ನ ಕೈಗಿಟ್ಟರು.

"ಎಳೀಬ್ಯಾಡ. ಮೊದ್ಲ ಒಣಗಸು. ಹದಾ ಬೆಚ್ಚಗ ಇರಬೇಕು, ಬಿಸಿ ಆಗಬಾರದು. ಒಣಗಿದ ಮ್ಯಾಲ ಈ ದಾರ ಸಂದಿನ್ಯಾಗ ಹಾಕಿ ಗರಗಸದ ಹಂಗ ಆಡಸು. ಗ್ಲಾಸಿನ ಕಡೀಗೆ ಒತ್ತಿ ಆಡಸು, ಚಿತ್ರದ ಕಡೀಗೆ ಅಲ್ಲ."

ಇದು ನಾನು ಕೇಳಲು ಬಂದ ವಿದ್ಯೆ. ಕೇಳದೆ ಸಿಕ್ಕಿದ್ದು ಇನ್ನೊಂದು.

"ಮತ್ತ ಇದನ್ನ ಯಾರ ಮುಂದೂ ಹೇಳಬ್ಯಾಡವಾ. ಅಕ್ಕಿ ಹಿಟ್ಟು ಕೆಟ್ಟತಿ ಅಂತ ಅವರಽ ಅಂದಾರ, ನೀ ಯಾಕ ಅಲ್ಲ ಅಂತಿ? ನಾವೆಲ್ಲಾರೂ ಹಂಗಽ ಕೂಡಸೋದು. ನೀ ತಪ್ಪಂದ್ರ ನನ್ನ ಮೂವತ್ತು ವರ್ಷದ ಕೆಲಸಾನೂ ತಪ್ಪಂದಂಗ."

"ಫೋಟೋಗೆ ನಡೆಯುತ್ತದೆ ಯಜಮಾನ್ರೆ, ಇದಕ್ಕೆ ನಡೆಯಲಿಲ್ಲವಲ್ಲ" ಅಂದೆ.

"ಫೋಟೋನೂ ಅಂಟತಾವ. ಗ್ಲಾಸ್ ಒಡೆಯೂತನಕ ಯಾರಿಗೂ ಗೊತ್ತಾಗಂಗಿಲ್ಲ, ಅಷ್ಟಽ" ಅಂದು ನಕ್ಕರು.

ಅವರನ್ನು ನಾನು ದೇವರಂತೆ ನೋಡಿದವಳು. ಆ ನಗು ನನಗೆ ಸೇರಲಿಲ್ಲ. ಗ್ಲಾಸ್ ಒಡೆಯುವ ಹೊತ್ತಿಗೆ ಗಿರಾಕಿಗೆ ನಮ್ಮ ನೆನಪಿರುವುದಿಲ್ಲ ಎಂಬ ಧೈರ್ಯದ ಮೇಲೆ ನಮ್ಮ ಕಸುಬು ನಿಂತಿದೆ ಎಂದು ಅವರು ಹೇಳಿದ ಹಾಗಾಯಿತು. ಮೂಲೆಯಲ್ಲಿ ಸಂದು ಬಿದ್ದರೆ ಮರದ ಹೊಟ್ಟಿಗೆ ಗೋಂದು ಕಲಸಿ ತುಂಬಿ ಪಾಲಿಶ್ ಎಳೆಯುವುದನ್ನೂ ಅವರೇ ಕಲಿಸಿದ್ದು. ನಾನೂ ಎಷ್ಟೋ ಮೂಲೆ ಹಾಗೆ ಮುಚ್ಚಿದ್ದೇನೆ. ಈ ಸಲ ಮುಚ್ಚುವುದಕ್ಕೆ ಬೇಕಾಗಿದ್ದ ಹೊಟ್ಟು ಇನ್ನೊಬ್ಬ ಹೆಂಗಸಿನ ಹೆಸರು. ಗಾಳದ ದಾರ ತೆಗೆದುಕೊಂಡೆ, ಉಪದೇಶವನ್ನು ಅಲ್ಲೇ ಬಿಟ್ಟು ಬಂದೆ.

ಶಿರಸಿಗೆ ಮರಳಿ, ಉಳಿದ ಐದನ್ನೂ ಹರಿದ ಒಂದನ್ನೂ ಕಟ್ಟಿಕೊಂಡು ಸಿದ್ದಾಪುರಕ್ಕೆ ಹೋಗಿ, ಅಲ್ಲಿಂದ ಅಮ್ಮನ ಊರಿಗೆ ಹೋದೆ. ಅವರು ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ನನ್ನನ್ನು ಕಂಡು ಎದ್ದು ಒಳಗಿನಿಂದ ಕಾಗದ ತಂದರು. "ತಾವು ಬಳಸಿದ ಸಾಮಗ್ರಿ ಕಳಪೆಯಾಗಿರುವುದರಿಂದ" ಎಂದು ಶುರುವಾಗಿತ್ತು. ಕೆಳಗೆ ಸಂಘದ ಮೊಹರು.

"ನಂಗೆ ಓದೂಕೆ ಬರೂದಿಲ್ಲ. ಅಂಚೆಯವನ ಹತ್ರ ಓದಿಸ್ದೆ. ಅವ ಗಟ್ಟಿಯಾಗಿ ಓದ್ದ, ಜಗಲಿ ತುಂಬ ಜನ ಇದ್ರು" ಅಂದರು.

ನಾನು ಹರಿದ ಹಲಗೆಯನ್ನು ಬಿಚ್ಚಿ ಮುಂದಿಟ್ಟೆ. "ಸಾಮಗ್ರಿ ಕಳಪೆ ಅಲ್ಲ ಅಮ್ಮ. ನನ್ನ ಕೆಲಸ ಕಳಪೆ. ಗ್ಲಾಸನ್ನು ಗೆರೆಗೆ ತಾಗಿಸಿ ಒತ್ತಿದೆ, ಗಾಳಿ ಹೋಗದ ಹಾಗೆ ಮುಚ್ಚಿದೆ, ಹಸಿ ಇದೆ ಅಂದ್ರೂ ಕೇಳಲಿಲ್ಲ. ಇದು ಹರಿದದ್ದೂ ನನ್ನ ಕೈಯಲ್ಲೇ" ಅಂದೆ.

ಅವರು ಬಟ್ಟೆ ಕಾಣುತ್ತಿದ್ದ ಜಾಗದ ಮೇಲೆ ಅಂಗೈ ಇಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಗೋಡೆ ಮೇಲೆ ಬರದದ್ದು ಮುಂದಿನ ವರ್ಷ ಬಳಿದು ಹೋಗ್ತದೆ ತಂಗಿ. ನಾನೇ ಎಷ್ಟು ಬಳಿದಿದ್ದೆ. ಹೋದದ್ದಕ್ಕೆ ನಾ ಅಳೂದಿಲ್ಲ. ನನ್ನ ಅಕ್ಕಿ ಕೆಟ್ಟದು ಅಂದ್ರಲ್ಲ, ಅದನ್ನ ನಾ ಬಿಡೂದಿಲ್ಲ. ನನ್ನ ಹತ್ರ ಹೇಳಿ ಎಂತ ಮಾಡ್ತೆ? ಕಾಗದ ಬರದವ್ರ ಹತ್ರ ಹೇಳು."

"ಹೇಳ್ತೇನೆ" ಅಂದೆ. ಆ ಮಾತು ಬಾಯಿಂದ ಬಂದ ಮೇಲೆ ನನ್ನ ಎದೆ ಹಗುರಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ.

ಮೊದಲು ಕೆಲಸ. ಬೆಚ್ಚಗೆ ಒಣಗಿಸಲು ಅಮ್ಮನ ಬಚ್ಚಲೊಲೆಯ ಕೋಣೆಗಿಂತ ಒಳ್ಳೆಯ ಜಾಗ ಇರಲಿಲ್ಲ. ಒಲೆಯಿಂದ ನಾಲ್ಕು ಮೊಳ ದೂರದಲ್ಲಿ ಐದೂ ಹಲಗೆಗಳನ್ನು ಕಟ್ಟು ಬಿಚ್ಚಿ, ಗ್ಲಾಸ್ ಅಂಟಿದ ಹಾಗೇ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ನಾನು ಅಂಗೈಯಿಂದ ಗ್ಲಾಸ್ ಮುಟ್ಟಿ ಮುಟ್ಟಿ ನೋಡಿ, ಹೆಚ್ಚು ಕಾದರೆ ಹಿಂದೆ ಸರಿಸುತ್ತಿದ್ದೆ. ಮೂರು ದಿನ ಅಲ್ಲೇ ಉಳಿದೆ. ಅಂಗಡಿ ಮುಚ್ಚಿದ್ದಕ್ಕೆ ಫೋನಿನ ಮೇಲೆ ಫೋನು. ಮೂರನೆಯ ದಿನ ಮಧ್ಯಾಹ್ನ ಒಂದು ಹಲಗೆಯ ಮೂಲೆಯಲ್ಲಿ ಗ್ಲಾಸಿನೊಳಗಿನ ಒದ್ದೆ ಹೊಳಪು ಹೋಗಿ ಗೆರೆ ಸುಣ್ಣದ ಬಿಳಿಗೆ ತಿರುಗಿದ್ದು ಕಂಡಿತು.

ಗಾಳದ ದಾರದ ಎರಡು ತುದಿಗೆ ಬಳಪದಷ್ಟು ದಪ್ಪದ ಎರಡು ಕಡ್ಡಿ ಕಟ್ಟಿದೆ. ಅಮ್ಮ ಹಲಗೆ ಹಿಡಿದರು. ದಾರವನ್ನು ಮೂಲೆಯ ಸಂದಿನಲ್ಲಿ ತೂರಿಸಿ, ಗ್ಲಾಸಿಗೆ ಒತ್ತಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಆಡಿಸುತ್ತಾ ಬಂದೆ. ಬೆರಳಿನಷ್ಟು ಅಗಲ ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಅವಸರ ಮಾಡಿದಾಗ ದಾರ ಎರಡು ಸಲ ತುಂಡಾಯಿತು. ಒಂದು ಚಿತ್ತಾರದ ಅಂಚಿನಲ್ಲಿ ಗೆರೆ ಉದುರಿತು. ಐದು ಗ್ಲಾಸ್ ಬಿಡಿಸಲು ಎರಡು ದಿನ ಬೇಕಾಯಿತು. ಒಣ ಕುಂಚದಿಂದ ಬೂಸ್ಟು ಕೊಡವಿ, ಬಂದ ಬಿಸಿಲಿಗೆಲ್ಲ ಇಟ್ಟೆವು. ಅಮ್ಮ ಅಕ್ಕಿ ಅರೆದು ಉದುರಿದ ಗೆರೆಗಳನ್ನು ಮತ್ತೆ ಎಳೆದರು. ಹರಿದ ಹಲಗೆಯನ್ನು ಮಾತ್ರ ಮುಟ್ಟಲಿಲ್ಲ. ಸರಿ ಮಾಡುವುದಿಲ್ಲವೇ ಎಂದು ಕೇಳಿದೆ. "ಅದು ಹಾಂಗೇ ಇರ್ಲಿ. ತೋರ್ಸೂಕೆ ಬೇಕು" ಅಂದರು.

ಶಿರಸಿಗೆ ಬಂದು ಹೊಸ ಕಟ್ಟು ಹಾಕಲು ಕೂತೆ. ಗ್ಲಾಸಿಗೂ ಚಿತ್ತಾರಕ್ಕೂ ನಡುವೆ ಸಂದು ಬೇಕು. ಅದಕ್ಕೆ ನಾಲ್ಕೂ ಬದಿಗೆ ತೆಳ್ಳಗಿನ ಮರದ ಪಟ್ಟಿ ಇಡಬೇಕು, ಅದು ಹೊರಗೆ ಕಾಣಬಾರದು. ಕಟ್ಟಿನ ಒಳಬದಿಯಲ್ಲಿ ಗ್ಲಾಸ್ ಕೂರುವ ತಗ್ಗು ಇರುತ್ತದಲ್ಲ, ಅದರ ಆಳ ಇಷ್ಟಕ್ಕೆಲ್ಲ ಸಾಲಲಿಲ್ಲ. ಹಲಗೆ ಹಿಂದಕ್ಕೆ ಚಾಚಿತು. ಆಳದ ಪಟ್ಟಿ ಬೇಕೆಂದು ಹುಬ್ಬಳ್ಳಿಯ ವ್ಯಾಪಾರಿಗೆ ಹೇಳಿದರೆ ಆತ ಕಳಿಸಿದ್ದು ಅಗಲದ ಪಟ್ಟಿ. ಕೊನೆಗೆ ಇದ್ದ ಕಟ್ಟಿನ ಬೆನ್ನಿಗೇ ಇನ್ನೊಂದು ಸುತ್ತು ಮರದ ಪಟ್ಟಿ ಅಂಟಿಸಿ, ಸ್ಕ್ರೂ ಹಾಕಿ ಆಳ ಮಾಡಿಕೊಂಡೆ. ಟೇಪನ್ನು ಪೂರ್ತಿ ಮುಚ್ಚದೆ ಮೇಲೆ ಕೆಳಗೆ ಗಾಳಿಗೆ ತೂತು ಬಿಟ್ಟೆ. ಕಟ್ಟು ಗೋಡೆಗೆ ತಾಗದ ಹಾಗೆ ಕೆಳ ಮೂಲೆಗಳಿಗೆ ರಬ್ಬರ್ ಬಿಲ್ಲೆ ಅಂಟಿಸಿದೆ. ಇಷ್ಟು ಮಾಡಲು ಹೊಸ ಯಂತ್ರ ಬೇಕಾಗಿರಲಿಲ್ಲ, ಹೊಸ ಬುದ್ಧಿಯೂ ಬೇಕಾಗಿರಲಿಲ್ಲ. ಮಾರ್ಚಿನಲ್ಲೇ ಆಗುತ್ತಿತ್ತು.

ಇದರ ಜೊತೆ ಇನ್ನೊಂದು ಕೆಲಸವನ್ನೂ ಇಟ್ಟುಕೊಂಡಿದ್ದೆ. ಮೂರು ಚಿಕ್ಕ ಹಲಗೆ ತೆಗೆದುಕೊಂಡೆ. ಎರಡರ ಮೇಲೆ ಅಮ್ಮ ಕೊಟ್ಟ ಅಕ್ಕಿ ಹಿಟ್ಟಿನ ಗೆರೆ, ಒಂದರ ಮೇಲೆ ಪೇಟೆಯ ಅಕ್ರಿಲಿಕ್ ಬಣ್ಣದ ಗೆರೆ. ಅಕ್ಕಿಯ ಒಂದಕ್ಕೂ ಅಕ್ರಿಲಿಕ್‌ಗೂ ನನ್ನ ಹಳೆಯ ಕ್ರಮದಲ್ಲಿ ಗ್ಲಾಸ್ ಒತ್ತಿ ಮೊಳೆ ಹೊಡೆದೆ. ಅಕ್ಕಿಯ ಇನ್ನೊಂದಕ್ಕೆ ಸಂದು ಬಿಟ್ಟೆ. ಮೂರನ್ನೂ ಒದ್ದೆ ಗೋಣಿಯ ನಡುವೆ ಹದಿನೈದು ದಿನ ಇಟ್ಟೆ.

ಸಂಘದ ನಿರ್ದೇಶಕರ ಸಭೆಯ ದಿನ ಅಮ್ಮನೂ ಬಂದರು. ಐದು ಚಿತ್ತಾರ, ಹರಿದ ಒಂದು, ಮೂರು ಚಿಕ್ಕ ಹಲಗೆ ಎಲ್ಲ ಹೊತ್ತುಕೊಂಡು ಹೋದೆವು. ಕಾರ್ಯದರ್ಶಿ ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿದ.

"ಚಿತ್ರ ಸರಿ ಆಜಲಿ, ಗೋಡೆಗೆ ಹಾಕಿಕ್ಕಿ ಹೋಗು. ನಿನ್ನ ಯಾರೂ ಕೇಳಿದ್ವಿಲ್ಲೆ. ಸುಮ್ನೆ ಎಂತಕ್ಕೆ ಮೈಮೇಲೆ ಎಳಕಂಬುದು?"

"ಆನು ಹಾಕಿದ ಕಟ್ಟು ಅದು, ಅಣ್ಣ. ಸಭೇಲಿ ಹೇಳ್ದೇ ಹೋಪಲಾಗ್ತಿಲ್ಲೆ" ಅಂದೆ.

"ಐದೇ ನಿಮಿಷ" ಅಂದು ದಾರಿ ಬಿಟ್ಟ.

ಒಳಗೆ ಒಂಬತ್ತು ಜನ ಇದ್ದರು. ಮೇಜಿನ ಮೇಲೆ ಹರಿದ ಹಲಗೆ ಇಟ್ಟೆ. "ಇದು ಬೂಸ್ಟಿನಿಂದ ಹರಿದದ್ದಲ್ಲ, ನಾನು ಹರಿದದ್ದು" ಎಂದು ಶುರು ಮಾಡಿ ಮಾಡಿದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ಆಮೇಲೆ ಚಿಕ್ಕ ಹಲಗೆಗಳ ಮೊಳೆಯನ್ನು ಅವರ ಎದುರೇ ಕಿತ್ತೆ. ಒತ್ತಿ ಕೂಡಿಸಿದ ಅಕ್ಕಿಯದು ಗ್ಲಾಸಿಗೆ ಅಂಟಿತ್ತು. ಅಕ್ರಿಲಿಕ್ಕಿನದೂ ಅಂಟಿತ್ತು. ಎಳೆದರೆ ಬಣ್ಣ ರಬ್ಬರಿನ ಹಾಗೆ ಸುಲಿದು ಬಂತು. ಸಂದು ಬಿಟ್ಟ ಅಕ್ಕಿಯ ಗೆರೆ ಮಾತ್ರ ಎಳೆದಂತೇ ಇತ್ತು. ಅಧ್ಯಕ್ಷರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಪಕ್ಕದವರಿಗೆ ದಾಟಿಸಿದರು.

"ಹಾಗಾದ್ರೆ ನೀವು ಇಷ್ಟು ವರ್ಷ ಹಾಕಿದ ಕಟ್ಟೆಲ್ಲ ಹೀಗೇ ಅಂತಾಯ್ತು" ಅಂದ ಕಾರ್ಯದರ್ಶಿ. ಸಭೆಯಲ್ಲಿ ಅವನು ನನಗೆ ಬಹುವಚನ. "ನಾಳಿಂದ ನಿಮ್ಮ ಅಂಗಡಿಗೆ ಯಾರು ಬರ್ತಾರೆ?"

"ಹೀಗೇ. ನನ್ನದು ಮಾತ್ರ ಅಲ್ಲ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಟ್ಟಿನ ಅಂಗಡಿಯವರೆಲ್ಲರದ್ದೂ. ನಾನು ಹಾಕಿದ್ದು ಯಾರದ್ದಾದರೂ ಅಂಟಿದ್ದರೆ ತರಲಿ, ಬಿಡಿಸಿ ಕೊಡ್ತೇನೆ. ಬಾರದವರು ಬಾರದೇ ಇರಲಿ. ಆದ್ರೆ ಈ ಅಮ್ಮನ ಅಕ್ಕಿ ಕಳಪೆ ಅಂತ ಬರೆದ ಕಾಗದ ತಪ್ಪು. ಅದನ್ನು ಇವತ್ತೇ ತಿದ್ದಬೇಕು."

ನನ್ನ ಧ್ವನಿ ಏರಿತ್ತು. ಇಳಿಸಬೇಕೆಂದು ನನಗೆ ಅನ್ನಿಸಲಿಲ್ಲ.

ಅಧ್ಯಕ್ಷರು ಒಳ್ಳೆಯ ಮನುಷ್ಯ. ಎರಡು ಶಾಖೆಯ ಕೆಲಸ ಅಮ್ಮನಿಗೇ ಇರಲಿ ಎಂದು ಅಲ್ಲೇ ಹೇಳಿದರು. "ಆ ಕಾಗದ ಬಂದೇ ಇಲ್ಲ ಅಂತ ತಿಳ್ಕೊಳ್ಳಿ ಅಮ್ಮ" ಅಂತಲೂ ಅಂದರು. ಎಲ್ಲರೂ ಸಮಾಧಾನದಿಂದ ಚಹಾದ ಕಡೆ ನೋಡಿದರು. ಗೋಡೆ ಬದಿಯ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಎದ್ದು ನಿಂತರು.

"ಬಂದದೆಯಲ್ರಾ, ಬಂದಿಲ್ಲ ಅಂತ ಹ್ಯಾಂಗೆ ತಿಳ್ಕಳೂದು? ಊರಿನವ್ರು ಕೇಳಿದ್ದು ಕಾಗದದಲ್ಲಿ. ಬಾಯಿಮಾತು ತಕಂಡು ಹೋಗಿ ನಾ ಯಾರಿಗೆ ತೋರ್ಸೂದು? ನಂಗೂ ಒಂದು ಕಾಗದ ಬೇಕು."

ಕಾರ್ಯದರ್ಶಿ ಠರಾವು, ಮುಂದಿನ ಸಭೆ, ನಿಯಮ ಎಂದು ಏನೇನೋ ಹೇಳತೊಡಗಿದ. ಅಧ್ಯಕ್ಷರು ಅವನ ಮುಖ ನೋಡಿದರು. ಇದು ಇನ್ನೆರಡು ತಿಂಗಳು ಎಳೆಯುತ್ತದೆ ಎಂದು ನನಗೆ ಗೊತ್ತಾಯಿತು. ಚೀಲದಿಂದ ನನ್ನ ಅಂಗಡಿಯ ಲೆಟರ್‌ಹೆಡ್ ತೆಗೆದು ಅಲ್ಲೇ ಮೇಜಿನ ತುದಿಯಲ್ಲಿ ಕೂತು ಬರೆದೆ. ಚಿತ್ತಾರ ಕೆಟ್ಟದ್ದು ಅಕ್ಕಿಯಿಂದ ಅಲ್ಲ, ಮಣ್ಣಿನಿಂದ ಅಲ್ಲ, ಬರೆದವರ ಕೈಯಿಂದ ಅಲ್ಲ. ಗ್ಲಾಸನ್ನು ಚಿತ್ತಾರಕ್ಕೆ ತಾಗಿಸಿ ಕೂಡಿಸಿದ್ದರಿಂದ ಕೆಟ್ಟಿತು. ಕೂಡಿಸಿದವಳು ನಾನು. ಕೆಳಗೆ ಸಹಿ ಹಾಕಿದೆ. ಅಮ್ಮನಿಗೆ ಓದಿ ಹೇಳಿದೆ. ಕಾರ್ಯದರ್ಶಿಗೆ ಕೇಳಲಿ ಎಂದು ಗಟ್ಟಿಯಾಗಿಯೇ ಓದಿದೆ. ಅಧ್ಯಕ್ಷರು ಕೈ ಚಾಚಿ ಕಾಗದ ತೆಗೆದುಕೊಂಡು, "ನೋಡಿದ್ದೇವೆ, ನಿಜ" ಎಂದು ಬರೆದು ತಮ್ಮ ಸಹಿಯನ್ನೂ ಹಾಕಿದರು.

ಅಮ್ಮ ಅದನ್ನು ಮಡಚಲಿಲ್ಲ. ನನಗೇ ತಿರುಗಿ ಕೊಟ್ಟರು.

"ಇದಕ್ಕೊಂದು ಕಟ್ಟು ಹಾಕಿ ಕೊಡು ತಂಗಿ. ಜಗಲಿಲಿ ತೂಗ್ ಹಾಕ್ತೆ. ಬಂದವ್ರೇ ಓದ್ಕಳ್ಲಿ, ಇನ್ನು ನಾ ಯಾರ ಹತ್ರಾನೂ ಓದ್ಸೂದಿಲ್ಲ."

ನಿರ್ದೇಶಕರೊಬ್ಬರು ನಕ್ಕರು. ನನಗೆ ಕಿವಿ ಬಿಸಿಯಾಯಿತು. ನನ್ನ ತಪ್ಪಿಗೆ ನಾನೇ ಕಟ್ಟು ಹಾಕಿ, ಹೋಗಿಬರುವವರೆಲ್ಲ ನೋಡುವಂತೆ ಮೊಳೆಗೆ ನೇತುಹಾಕಿ ಕೊಡಬೇಕು. ಅಮ್ಮನ ಮುಖ ನೋಡಿದೆ. ತಮಾಷೆಯೂ ಇರಲಿಲ್ಲ, ಸೇಡೂ ಇರಲಿಲ್ಲ. ಕೆಲಸ ಒಪ್ಪಿಸುವ ಗಿರಾಕಿಯ ಮುಖ.

ಆ ಕಟ್ಟಿಗೆ ಅಂಗಡಿಯಲ್ಲಿದ್ದ ಅತ್ಯುತ್ತಮ ತೇಗದ ಪಟ್ಟಿ ತೆಗೆದೆ. ಮೂಲೆಗಳನ್ನು ಮೂರು ಸಲ ಕತ್ತರಿಸಿ, ಹೊಟ್ಟು ಗೋಂದು ಯಾವುದೂ ತುಂಬದೆ ಮರಕ್ಕೆ ಮರ ಕೂಡಿಸಿದೆ. ಕಾಗದಕ್ಕೂ ಗ್ಲಾಸಿಗೂ ಸಂದು ಬಿಟ್ಟೆ. ಅಂಗಡಿಯ ಹೆಸರಿನ ಚೀಟಿಯನ್ನು ನಾನು ಯಾವಾಗಲೂ ಕಟ್ಟಿನ ಹಿಂದೆ ಅಂಟಿಸುವುದು. ಇದಕ್ಕೆ ಮುಂದೆ, ಎಲ್ಲರಿಗೂ ಕಾಣುವ ಹಾಗೆ ನನ್ನ ಸಹಿಯ ನೇರ ಕೆಳಗೆ, ಫೋನ್ ನಂಬರಿನ ಸಮೇತ ಅಂಟಿಸಿದೆ.